ಹಾಸಿನ ಪಕ್ಕದಲ್ಲಿ ಹಾಯುವಷ್ಟು ಅಗಲ

ಹಾಸಿನ ಓಣಿ, ಬೆಟಗೇರಿ
ಕ್ರಿ.ಶ. 2127, ಎರಡನೆಯ ಮೇ ತಿಂಗಳ ಹನ್ನೆರಡು

ಪೂಜ್ಯ ನೀಲಗಂಗಾ ಮುತ್ತಜ್ಜಿಯವರಿಗೆ,

ಮೊದಲು ಈ ತಾರೀಖಿಗಾಗಿ ಕ್ಷಮೆ ಇರಲಿ. ನೀವು ಜೂನ್ ಎನ್ನುವ ತಿಂಗಳಲ್ಲಿ ಇಲ್ಲಿ ಮಳೆ ಬರುವುದು ನಿಂತು ಬಹಳ ಕಾಲವಾಯಿತು. ಮೇ ತಿಂಗಳ ಬಿಸಿಲೇ ಮುಂದುವರಿಯುವುದರಿಂದ ಕ್ಯಾಲೆಂಡರ್ ಅಚ್ಚು ಹಾಕುವವರು ಅದಕ್ಕೆ ಎರಡನೆಯ ಮೇ ಎಂದೇ ಹೆಸರಿಟ್ಟುಬಿಟ್ಟರು. ನನ್ನ ಇನ್ನೂ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಬಂದಲ್ಲಿ ಬಂದಂತೆ ಅರ್ಥ ಹೇಳುತ್ತೇನೆ. ಮುತ್ತಜ್ಜಿ ಎಂದು ಕರೆಯುವುದಕ್ಕೂ ಸಂಕೋಚವಾಗುತ್ತದೆ. ನೂರು ವರ್ಷ ಹಿಂದಕ್ಕೆ ಹೋಗಿ ಈ ಪತ್ರ ನಿಮ್ಮನ್ನು ತಲುಪುವ ದಿನ ನಿಮಗಿನ್ನೂ ನಲವತ್ತು ತುಂಬಿಲ್ಲ, ನನಗೆ ಅರವತ್ತು ದಾಟಿದೆ. ಎದುರಿಗೆ ಸಿಕ್ಕಿದ್ದರೆ ನೀವೇ ನನ್ನನ್ನು "ಅಕ್ಕಾರ" ಎನ್ನುತ್ತಿದ್ದಿರಿ.

ನಾಳೆ ನೀವು ಕಾರು ಆರಿಸಲು ಹುಬ್ಬಳ್ಳಿಗೆ ಹೋಗುತ್ತೀರಿ. ಅದೇ ಕಾರನ್ನು ನಾಳೆ ನಾನು ಓಣಿಯ ಬಾಯಿಗೆ ಒಯ್ದು ಒಪ್ಪಿಸಬೇಕೆಂದು ಇಲ್ಲಿ ಆಜ್ಞೆಯಾಗಿದೆ. ನಾನು ಒಪ್ಪಿಸುವುದಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. ಯಾಕೆಂದರೆ ಆ ಕಾರು ಯಾವುದಕ್ಕಾಗಿ ಬಂತು ಎಂಬುದು ನಿಮ್ಮಷ್ಟು ಚೆನ್ನಾಗಿ ಇನ್ನಾರಿಗೂ ತಿಳಿಯದು.

ನಮ್ಮ ಓಣಿ ನಿಮ್ಮ ಕಾಲದಲ್ಲಿ ಇದ್ದಂತೆಯೇ ಇದೆ. ಬೆಳಗಾದರೆ ನೇಕಾರರು ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರುವ ಉದ್ದೆಳೆಗಳನ್ನು, ಗಂಜಿ ಹಚ್ಚಿ, ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ ಒಣಗಿಸುತ್ತಾರೆ. ಅದು ಒಣಗುವವರೆಗೆ ಯಾರೂ ಸರಿಸುವಂತಿಲ್ಲ. ಹೆಣ ಬಂದರೂ ಮದುವಣಗಿತ್ತಿ ಬಂದರೂ ಪಕ್ಕದ ಸಂದಿಯಲ್ಲೇ ಹಾಯಬೇಕು. ಸೀರೆಗಳನ್ನು ಅಂಗಡಿಗೆ ಒಯ್ದು ನೂಲು ತರುವ ಕೆಲಸ ನಿಮ್ಮದು. ಬಾಡಿಗೆ ಟೆಂಪೊ ಓಣಿಯ ಬಾಯಿಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಗಂಟುಗಳನ್ನು ತಲೆಯ ಮೇಲೆ ಹೊರಬೇಕು. ಆ ಹೊರೆ ಸಾಕಾಗಿ ನೀವು ಹಾಸಿನ ಪಕ್ಕ ಉಳಿಯುವ ಜಾಗಕ್ಕೆ ಸರಿಯಾಗಿ ಒಂದು ಬಟ್ಟೆಯ ಪಟ್ಟಿ ಕತ್ತರಿಸಿ, ಮಡಚಿ, ಸೆರಗಿಗೆ ಕಟ್ಟಿಕೊಂಡು ಶೋರೂಮಿಗೆ ಹೋಗುತ್ತೀರಿ.

ಅಲ್ಲಿ ನಡೆದದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಊಟಕ್ಕೆ ಕೂತಾಗ ಬರುವ ಕತೆ. ನಿಮ್ಮ ಭಾವ ಗುರುಪಾದಪ್ಪನವರು ಬಾಗಿಲಲ್ಲಿ ನಿಂತ ದೊಡ್ಡ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟುಬಿಟ್ಟಿರುತ್ತಾರೆ. ನೀವು ಮೂಲೆಯಲ್ಲಿದ್ದ ಪುಟ್ಟ ಕರೆಂಟಿನ ಕಾರಿನ ಮುಂದೆ ಮಂಡಿಯೂರಿ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಪಟ್ಟಿ ಹಿಡಿದು ನೋಡುತ್ತೀರಿ.

"ನೀಲಾ, ಇದು ಕಾರೇನವಾ, ಸಾಬಾಣದ ಪೆಟ್ಟಿಗಿ! ಲಗ್ನಕ್ಕ ಹೊಂಟ್ರ ಒಬ್ಬರ ತೊಡಿ ಮ್ಯಾಲ ಒಬ್ಬರು ಕೂಡಬೇಕಾಗತೈತಿ."

"ಭಾವಾರ, ಲಗ್ನ ವರ್ಷಕ್ಕ ಒಂದೆರಡ ಬರ್ತಾವ. ಹಾಸು ದಿನಾ ಕಟ್ಟತಾರ."

"ನಡುದಾರ್ಯಾಗ ಕರೆಂಟ್ ಮುಗದ್ರ? ಬಾಟ್ಲಿ ಹಿಡಕೊಂಡ ತರಾಕ ಹೊಕ್ಕಿಯೇನ?"

"ನಿಮಗ ಫೋನ್ ಮಾಡ್ತೀನ್ರಿ. ನೂಕಾಕ ಬರ್ರಿ."

ಕಾರು ಮಾರುವ ಹುಡುಗ, ಬೆಂಗಳೂರಿನ ಕಡೆಯವನು, ತಲೆ ಕೆರೆದುಕೊಳ್ಳುತ್ತಾನೆ. "ಮೇಡಂ, ಒಂದ್ ಚಾರ್ಜಿಗೆ ಎಷ್ಟು ದೂರ ಹೋಗತ್ತೆ ಅಂತ ಎಲ್ರೂ ಕೇಳ್ತಾರೆ. ಅಗಲ ಕೇಳಿದವ್ರು ನೀವೇ ಮೊದ್ಲು." ದೊಡ್ಡ ಪರದೆ, ಗಾಜಿನ ಚಾವಣಿ, ಏನು ತೋರಿಸಿದರೂ ನೀವು ಪಟ್ಟಿಯನ್ನೇ ಮುಂದೆ ಹಿಡಿಯುತ್ತೀರಿ. ಅವರು ನಗುತ್ತಾರೆ. ನಗಲಿ. ನೀವು ಎದ್ದು ನಿಂತು, ಮೊಣಕಾಲಿನ ದೂಳು ಕೊಡವಿಕೊಂಡು, "ಇದ ಇರಲಿ" ಎನ್ನುತ್ತೀರಿ.

ಮುಂದಾಗುವ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಎಚ್ಚರಿಕೆ ಎಂದು ತಿಳಿದು ಅದನ್ನು ತಪ್ಪಿಸಬೇಡಿ. ನೀವು ಬಾಗಿಲಿನಿಂದ ಬಾಗಿಲಿಗೆ ಅಳೆಯುತ್ತೀರಿ, ಹೊರಗೆ ಚಾಚಿದ ಎರಡು ಕನ್ನಡಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ವಾರದಲ್ಲೇ ಎಡಗಡೆಯ ಕನ್ನಡಿ ಹಾಸಿನ ಅಂಚಿಗೆ ಸಿಕ್ಕು ಎಳೆಗಳು ಪಟಪಟನೆ ಹರಿಯುತ್ತವೆ. ಹಾಸಿನ ಒಡೆಯನಾದ ಮುದುಕ ಹತ್ತಿರ ಬಂದು ಕನ್ನಡಿ ಮುಟ್ಟಿ ನೋಡಿ, "ಇದಕ್ಕ ಕಿವಿ ಅದಾವ ಅಂತ ಅಂಗಡ್ಯಾವ ಹೇಳಲಿಲ್ಲೇನಬೇ?" ಎನ್ನುತ್ತಾನೆ. ಆ ಸಂಜೆ ಓಣಿಗೆ ಓಣಿಯೇ ಕೂತು ಎಳೆಗೆ ಎಳೆ ಗಂಟು ಹಾಕುತ್ತದೆ. ಮೂಗಿಗೆ ಚಾಳೀಸು ಏರಿಸಿಕೊಂಡು, ಗೊಣಗುತ್ತಲೇ ಗಂಟು ಹಾಕುವವರಲ್ಲಿ ನಿಮ್ಮ ಭಾವನೂ ಒಬ್ಬರು. ಅಲ್ಲಿಯವರೆಗೆ ಅದು ನಿಮ್ಮ ಕಾರಾಗಿತ್ತು, ಮರುದಿನದಿಂದ ಓಣಿಯ ಕಾರಾಯಿತು. ಯಾರು ಓಡಿಸಿದರೂ ಓಣಿಯ ಬಾಯಿಯಲ್ಲಿ ನಿಲ್ಲಿಸಿ, ಇಳಿದು, ಕಿವಿ ಮಡಚಿಯೇ ಒಳಗೆ ಬರಬೇಕೆಂಬ ಪದ್ಧತಿ ಅಂದಿನದು. ಆ ಎಳೆಗಳು ಹರಿಯದಂತೆ ತಡೆಯಲು ನನಗೆ ಮನಸ್ಸಿಲ್ಲ.

ಅದರೊಂದಿಗೆ ಬದುಕುವುದು ಹೇಗಿತ್ತೆಂದು ನಿಮಗೇ ತಿಳಿಯುತ್ತದೆ. ಕಿಟಕಿಯಿಂದ ವೈರು ಇಳಿಸಿ ಚಾರ್ಜಿಗೆ ಹಾಕಿದ ಮೊದಲ ದಿನ ನೆರೆಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರಂತೆ. ಹಿಂದಿನ ಸೀಟು ಮಲಗಿಸಿದರೆ ನೂಲಿನ ಗಂಟುಗಳು ಗಾಜಿನ ತನಕ ಹಿಡಿಯುತ್ತವೆ, ಹೆರಿಗೆಯ ಹೆಂಗಸನ್ನು ಒಯ್ಯುವಾಗ ಅದೇ ಜಾಗಕ್ಕೆ ಹಾಸಿಗೆ ಬರುತ್ತದೆ. ನನ್ನ ತಾಯಿ ಹುಟ್ಟಿದ್ದು ಆಸ್ಪತ್ರೆಗೆ ಇನ್ನೂ ಒಂದು ತಿರುವು ಇರುವಾಗ, ಅದರೊಳಗೇ. ನನ್ನ ಕಾಲಕ್ಕೆ ಚಾವಣಿಯ ಮೇಲಿನ ಬಿಸಿಲುಹಲಗೆಯಿಂದ ಚಾರ್ಜಾಗುತ್ತದೆ. ಬ್ಯಾಟರಿಯನ್ನು ಹಲವು ಸಲ ಬದಲಾಯಿಸಿದ್ದೇವೆ, ತಗಡು ತೇಪೆಗಳಲ್ಲೇ ನಿಂತಿದೆ, ಸೀಟಿಗೆ ಓಣಿಯಲ್ಲಿ ನೇಯ್ದ ಬಟ್ಟೆಯ ಹೊದಿಕೆ. ನೆರಳುಗಂಟೆ ಎಂದರೆ ಬಿಸಿಲಿಗೆ ಹೆದರಿ ಊರು ಬಾಗಿಲು ಹಾಕಿಕೊಳ್ಳುವ ಮಧ್ಯಾಹ್ನದ ಹೊತ್ತು. ಆಗ ಅದು ಬೇವಿನ ಮರದ ಕೆಳಗೆ ನಿಂತು ತನ್ನ ಕರೆಂಟಿನಿಂದ ನಾಲ್ಕು ಮನೆಯ ಫ್ಯಾನು ತಿರುಗಿಸುತ್ತದೆ. ನೀವು ಕೊಂಡದ್ದರಲ್ಲಿ ಇನ್ನೂ ಬದಲಾಗದೆ ಉಳಿದದ್ದು ಸ್ಟೀರಿಂಗು, ಮತ್ತೆ ನೀವು ಪಟ್ಟಿ ಹಿಡಿದು ನೋಡಿದ ಆ ಅಗಲ.

ಇನ್ನು ನಮ್ಮ ಜಗಳ. ಈಗ ಊರಿನಲ್ಲಿ ಯಾರೂ ಕಾರು ಕೊಳ್ಳುವುದಿಲ್ಲ. ಕರೆಗೂಡು ಎಂಬುದಿದೆ: ಕರೆದರೆ ಬಂದು, ಒಳಗೆ ಕೂರಿಸಿಕೊಂಡು, ಚಾಲಕನಿಲ್ಲದೆ ಒಯ್ಯುವ ಗೂಡು. ಅದರಿಂದ ರಸ್ತೆಯಲ್ಲಿ ಸಾಯುವವರು ಇಲ್ಲವಾದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ನಮ್ಮ ಓಣಿಗೆ ಬರುವುದಿಲ್ಲ. ಅದರ ಕಣ್ಣಿಗೆ ಬಿಗಿದು ಕಟ್ಟಿದ ಹಾಸು ಗೋಡೆಯಂತೆ ಕಾಣುತ್ತದೆ. ಗೋಡೆಯಿರುವಲ್ಲಿ ದಾರಿಯಿಲ್ಲ ಎಂದು ರಸ್ತೆಗಳ ಆಡಳಿತ ನಡೆಸುವ ದಾರಿಮಂಡಳಿ ನಮ್ಮ ಓಣಿಯನ್ನು 'ತಲುಪದ ನೆಲ'ದ ಲೆಕ್ಕಕ್ಕೆ ಸೇರಿಸಿತು. ತಲುಪದ ನೆಲದವರು ತಂಪುಮಹಡಿಗಳಿಗೆ ಹೋಗಬೇಕು ಇಲ್ಲವೇ ಅಡ್ಡಿಯನ್ನು ತೆಗೆಯಬೇಕು. ತಂಪುಮಹಡಿ ಎಂದರೆ ಬಿಸಿಗಾಳಿ ನುಗ್ಗದಂತೆ ಮುಚ್ಚಿದ ಎತ್ತರದ ಕಟ್ಟಡ. ನನ್ನ ತಂಗಿ ಅಲ್ಲಿದ್ದಾಳೆ, ಸುಖವಾಗಿದ್ದಾಳೆ. ಅಲ್ಲಿನ ಯಾವ ಕೋಣೆಯಲ್ಲೂ ಒಂದು ಹಾಸಿನ ಉದ್ದವಿಲ್ಲ.

ಇಷ್ಟು ವರ್ಷ ಕೈಚಾಲನೆಯ ಬಂಡಿಗಳಿಗೆ ಬೆಳಗಿನ ಒಂದು ಹೊತ್ತನ್ನು ಬಿಟ್ಟುಕೊಟ್ಟಿದ್ದರು. ಆ ಹೊತ್ತಿನಲ್ಲಿ ನಾನು ಸೀರೆ ಒಯ್ದು ನೂಲು ತರುತ್ತಿದ್ದೆ, ಓಣಿ ಅದರಲ್ಲೇ ಬದುಕುತ್ತಿತ್ತು. ನಾಳೆಯಿಂದ ಅದೂ ಇಲ್ಲ. ಹೇಳಲು ಬಂದ ಮಂಡಳಿಯ ಅಧಿಕಾರಿ ಅನಂತಿಕಾ ಒಳ್ಳೆಯ ಹುಡುಗಿ, ನಮ್ಮ ಕಡೆಯವಳೇ. ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದಳು.

"ಅಕ್ಕಾರ, ಕಾರು ಮುರಿಯೂದಿಲ್ರಿ. ಮ್ಯೂಜಿಯಂದಾಗ ಇಡತೀವಿ, ನಿಮ್ಮ ಮುತ್ತಜ್ಜಿ ಹೆಸರು ಬರಸತೀವಿ."

ನನಗಿಂತ ಮೊದಲು ಬಾಯಿ ಹಾಕಿದವನು ಅಂಬಾಸಾ. ಅಂದು ನಿಮ್ಮಿಂದ ಹರಿದ ಹಾಸಿನ ಒಡೆಯನ ಮರಿಮೊಮ್ಮಗ, ಈಗ ಓಣಿಯ ಹಿರಿಯ ನೇಕಾರ. "ಹಂಗಾದ್ರ ನಮ್ಮನ್ನೂ ಪಕ್ಕಕ್ಕ ನಿಲ್ಲಸ್ರಿ ಬಾಯಾರ. ದೂಳ ಝಾಡಸಾಕ ಮಂದಿ ಬೇಕಲ್ಲ?"

"ಕಾಕಾ, ದಿನಾ ಒಂದ ತಾಸು ಹಾಸು ಬಿಚ್ಚಿದ್ರ ಸಾಕ್ರಿ. ಗೂಡು ಬಂದು ಹೋಗತಾವ."

"ಬಿಚ್ಚಿದ್ರ ನೂಲು ಗಂಟ್ ಬೀಳತೈತಿ, ತಂಗಿ. ನಿಮ್ಮ ಗೂಡಿಗೆ ನೂಲು ಗೋಡಿ ಕಂಡ್ರ ನಾವೇನ ಮಾಡೂನು? ಕಣ್ಣಿನ ಡಾಕ್ಟರಗ ತೋರಸ್ರಿ."

ಅವಳಿಗೂ ನಗು ಬಂತು. ಬಂದರೂ, ನಾಳೆ ಬೆಳಿಗ್ಗೆ ಓಣಿಯ ಬಾಯಿಯಲ್ಲಿ ಎತ್ತೊಯ್ಯುವ ಬಂಡಿ ಕಾಯುತ್ತಿರುತ್ತದೆ ಎಂದು ಹೇಳಿಯೇ ಎದ್ದಳು. ಅದು ಒಳಗೆ ಬರಲಾರದು. ಕಾರನ್ನು ಹೊರಗೆ ತಂದುಕೊಡಬೇಕಾದವಳು ನಾನು.

ಓಣಿಯವರೆಲ್ಲ ಸಂಜೆ ನಮ್ಮ ಜಗಲಿಯಲ್ಲಿ ಸೇರಿದ್ದರು. ಕಾರು ಹೋದರೆ ನೂಲಿಲ್ಲ, ನೂಲಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತ ಮೇಲೆ ಓಣಿ ಖಾಲಿ ಮಾಡಿ ಎಂದು ಯಾರೂ ಹೇಳಬೇಕಾಗಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ನಾನೇ ಹೇಳಿದೆ: "ನಾಳೆ ಎಂದಿನಂಗ ಸೀರಿ ಹೇರ್ರಿ." ಅಂಬಾಸಾ ತಕ್ಷಣ ಎದ್ದ. ಗಂಜಿ ಕಾಯಿಸಲು ಹೋದ.

ಮುತ್ತಜ್ಜಿ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಾಳೆ ಅವರು ನಕ್ಕಾಗ ನೀವು ಜೊತೆಗೂಡಿ ನಗಬೇಡಿ. ಸಣ್ಣದು ಸಾಕು ಎಂದು ಸಂಕೋಚದಿಂದ ಹೇಳಬೇಡಿ, ಕೈಯಲ್ಲಿ ಕಾಸಿಲ್ಲದೆ ಸಣ್ಣದಕ್ಕೆ ಒಪ್ಪಿಕೊಂಡಿರಿ ಎಂದು ಯಾರೂ ತಿಳಿಯದಿರಲಿ. ನಿಮ್ಮ ಬೀದಿಗೆ ತಕ್ಕ ಕಾರು ನಿಮಗೆ ಬೇಕು, ಕಾರಿಗೆ ತಕ್ಕಂತೆ ಬೀದಿ ಸರಿಯಬೇಕಾಗಿಲ್ಲ. ಇದನ್ನು ಗಟ್ಟಿಯಾಗಿ ಹೇಳಿ. ಇದೇ ಮಾತನ್ನು ನಾವು ಮುಂದೆ ನೂರು ವರ್ಷ ಹೇಳುತ್ತಲೇ ಇರಬೇಕಾಗುತ್ತದೆ.

ಕೈಚಾಲನೆಯನ್ನು ಯಾಕೆ ನಿಲ್ಲಿಸುತ್ತಿದ್ದಾರೆ ಎಂಬುದನ್ನು ಹೇಳಿ ಮುಗಿಸುತ್ತೇನೆ. ಮನುಷ್ಯನ ಕೈ ಮುಂದೇನು ಮಾಡೀತೆಂದು ಕರೆಗೂಡಿಗೆ ಊಹಿಸಲಾಗುವುದಿಲ್ಲ. ಹಾಗಾಗಿ ಅಂಥ ಬಂಡಿ ಕಂಡ ಕೂಡಲೇ, ಅದು ದಾಟಿ ಹೋಗುವವರೆಗೆ, ನಿಂತಲ್ಲೇ ನಿಲ್ಲುವಂತೆ ಅವನ್ನು ಕಟ್ಟಿದ್ದಾರೆ. ನಾಳೆ ಬೆಳಿಗ್ಗೆ, ಚಾಲಕನಿಲ್ಲದ ಆ ಎತ್ತೊಯ್ಯುವ ಬಂಡಿಯೂ ಹಾಗೆಯೇ ನಿಲ್ಲುತ್ತದೆ, ಅದರ ಮುಂದಿನಿಂದಲೇ ನಾನು ದೊಡ್ಡ ರಸ್ತೆಗೆ ಇಳಿಯುತ್ತೇನೆ. ಬೆಟಗೇರಿಯಿಂದ ಗದಗಿನ ಪೇಟೆಯವರೆಗೆ ಗೂಡುಗಳು ಸಾಲುಸಾಲಾಗಿ ನಿಲ್ಲುತ್ತವೆ, ಒಳಗಿದ್ದವರು ಗಾಜಿಗೆ ಮುಖವಿಟ್ಟು ಯಾರು ಬಂದರೆಂದು ನೋಡುತ್ತಾರೆ. ನೋಡಲಿ. ಹಿಂದೆ ಸೀರೆಗಳಿರುತ್ತವೆ, ನಾನು ನಿಧಾನವಾಗಿಯೇ ಓಡಿಸುತ್ತೇನೆ. ನೂಲು ತುಂಬಿಕೊಂಡು ಅದೇ ದಾರಿಯಲ್ಲಿ ಮರಳಿ ಬರುವುದೂ ಇದೆ.

ನಿಮ್ಮ ಮರಿಮೊಮ್ಮಗಳು
ಹೇಮರೇಖಾ