ಏಳನೇ ತಿರುವು

ಭಾನುವಾರ, ಮಾರ್ಚ್ ಒಂಬತ್ತು.

ಬೆಳಿಗ್ಗೆ ಓಡಲು ಹೋದ ಅಕ್ಕ ಕಡಲತೀರದ ಉದ್ಯಾನದಿಂದ ಫೋನ್ ಮಾಡಿದಳು. ಅವಳ ಕೈಯಲ್ಲಿದ್ದದ್ದು ಉದ್ಯಾನದವರಿಗಾಗಿ ನಾನೇ ಬರೆದ ಓಟದ ದಾರಿಯ ನಕ್ಷೆ.

"ಏಳನೇ ತಿರುವಲ್ಲಿದ್ದೀನಿ ಕಣೋ. ಮುಂದೆ ದಾರಿನೇ ಇಲ್ಲ."

"ಬಂಡೆ ಮೇಲೆ ಹಳದಿ ಬಾಣ ಕಾಣ್ತಿಲ್ವಾ? ಅದರ ನೇರಕ್ಕೆ ಹೋಗು."

"ಬಾಣ ಇದೆ. ಅದರ ನೇರಕ್ಕೆ ಸಮುದ್ರ ಇದೆ."

ದಾರಿ ಕುಸಿದು ಎಷ್ಟು ದಿನವಾಗಿತ್ತೋ! ಶೂ ಲೇಸು ಬಿಚ್ಚಿಕೊಂಡಿತಂತೆ, ಕಟ್ಟಿಕೊಳ್ಳಲು ಅಂಚಿಗೆ ಎರಡು ಹೆಜ್ಜೆ ಮೊದಲೇ ನಿಂತಳಂತೆ. ಅಷ್ಟೇ. ಒಂದು ಲೇಸು!

ಪ್ರತಿ ವರ್ಷ ಇಡೀ ದಾರಿ ನಡೆದು ನೋಡಿದ ಮೇಲೆಯೇ ನಾನು ನಕ್ಷೆಗೆ ಸಹಿ ಹಾಕಬೇಕು. ಈ ಸಲ ಮಂಡಿನೋವು. ಆರನೇ ತಿರುವಿನಿಂದಲೇ ವಾಪಸು ಬಂದು, ಉಳಿದದ್ದನ್ನು ಹೋದ ವರ್ಷದ ನಕ್ಷೆ ನೋಡಿ ಇಳಿಸಿಬಿಟ್ಟೆ. ಒಂದು ವರ್ಷದಲ್ಲಿ ಮಹಾ ಏನು ಬದಲಾಗುತ್ತದೆ ಅಂದುಕೊಂಡಿದ್ದೆ.

ಉದ್ಯಾನದ ಕಾವಲುಗಾರರಿಗೆ ಹೇಳಿ ದಾರಿ ಮುಚ್ಚಿಸಿದೆ. ಸಂಜೆ ಅಕ್ಕ ಬಂದು ನಕ್ಷೆಯನ್ನು ಮೇಜಿನ ಮೇಲಿಟ್ಟಳು. ಬೈಯಲಿಲ್ಲ.

"ನೀನು ನಡೆದು ನೋಡಿದ ಮೇಲೆ ಕುಸಿದಿರ್ಬೇಕು, ಬಿಡೋ" ಅಂದಳು.

ಹೂಂ ಅಂದೆ.

ನಕ್ಷೆ ಇನ್ನೂ ಇಲ್ಲೇ ಇದೆ. ಏಳನೇ ತಿರುವಿನ ಪಕ್ಕದಲ್ಲಿ ನನ್ನದೇ ಅಕ್ಷರ: ಇಲ್ಲಿ ದಾರಿ ಚೆನ್ನಾಗಿದೆ, ವೇಗ ಹೆಚ್ಚಿಸಿ.