ಅಜ್ಜನ ಕೋಣೆಯ ಗಾಳಿ

ನಿನ್ನ ಕೋಣೆ, ನಿನ್ನದೇ ಮೇಜು
ಮೇ ೧೨, ಭಾನುವಾರ, ನಡುಮಧ್ಯಾಹ್ನ

ಪ್ರೀತಿಯ ಅಜ್ಜಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಅತ್ತೆಯ ಮನೆಯಲ್ಲಿ ಟಿ.ವಿ. ರಿಮೋಟ್ ನಿನ್ನ ಕೈಗೆ ಸಿಗುವುದೇ ಇಲ್ಲವಂತೆ, ಅತ್ತೆ ಫೋನಿನಲ್ಲಿ ಹೇಳಿ ನಕ್ಕರು. ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೋದ ಮೇಲೆ ಅಪ್ಪನ ಗೊರಕೆ ಮಾತ್ರ ಜೋರಾಗಿದೆ, ಗದರಿಸುವವರಿಲ್ಲವಲ್ಲ.

ಮೇಲೆ ಬರೆದ ವೇಳೆಯನ್ನು ಇನ್ನೊಮ್ಮೆ ನೋಡು. ನಡುಮಧ್ಯಾಹ್ನ! ಅಟ್ಟದ ಕೆಳಗಿನ ನಿನ್ನ ಕೋಣೆಯಲ್ಲಿ ಕೂತಿದ್ದೇನೆ, ಕಾಗದದ ಮೇಲೆ ಒಂದು ಹನಿ ಬೆವರೂ ಬಿದ್ದಿಲ್ಲ. ಬೇಸಿಗೆ ಶುರುವಾಗುತ್ತಲೇ “ಇದು ಕೋಣೆಯಲ್ಲ, ಒಲೆ” ಎಂದು ಪೆಟ್ಟಿಗೆ ಕಟ್ಟಿದವನು ನೀನು. ಅಟ್ಟದ ಬಿಸಿಗಾಳಿಯನ್ನು ಹೊರಗೆ ದೂಡುವ ಸೋಲಾರ್ ಫ್ಯಾನ್ ಹಾಕಿಕೊಡುತ್ತೇನೆ ಎಂದು ನಾನು ದಾರಿಗೆ ಅಡ್ಡ ನಿಂತಾಗ ಬಾಗಿಲಲ್ಲೇ ಏನಂದೆ, ನೆನಪಿದೆಯಾ? “ಇವಳು ಕೈಹಾಕಿದ್ದೆಲ್ಲ ಅರ್ಧಕ್ಕೇ ನಿಲ್ಲುತ್ತೆ, ಸ್ಕೂಲಿನ ಥರ. ಇದೊಂದನ್ನ ಪೂರ್ತಿ ಮಾಡಿ ತೋರಿಸಲಿ, ಅವತ್ತೇ ವಾಪಸ್ ಬರ್ತೀನಿ.” ನೀನು ಹೇಳಿದ್ದು ಸುಳ್ಳಲ್ಲ. ಹೊಲಿಗೆ ಬಿಟ್ಟೆ, ಜೆರಾಕ್ಸ್ ಅಂಗಡಿ ಬಿಟ್ಟೆ. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು.

ಮಾಡಿನ ತಗಡನ್ನು ನಾನೇ ಹತ್ತಿ ಕೊರೆದೆ. ಕೆಳಗೆ ಏಣಿ ಹಿಡಿದಿದ್ದ ಅಪ್ಪ “ಸೋರಿದ್ರೆ ಮಳೆಗಾಲ ಪೂರ್ತಿ ನೀನೇ ಬಕೆಟ್ ಹಿಡ್ಕೊಂಡು ನಿಲ್ಬೇಕು ನೋಡು” ಅನ್ನುತ್ತಲೇ ಇದ್ದರು. ಫ್ಯಾನನ್ನು ಕೂರಿಸಿ, ಸುತ್ತ ಅಂಟು ಮೆತ್ತಿ, ಪ್ಯಾನಲನ್ನು ಬಿಸಿಲಿಗೆ ತಿರುಗಿಸಿದೆ. ರೆಕ್ಕೆ ಗಿರ್ರನೆ ತಿರುಗಿತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಕೋಣೆ ಮಾತ್ರ ಒಲೆಯ ಹಾಗೆ ಕಾದೇ ಇತ್ತು! ಸಾಲದ್ದಕ್ಕೆ ಅಟ್ಟದ ಮುಚ್ಚಳ ಕಟಕಟ ಅಲುಗಾಡುತ್ತಿತ್ತು, ಅಮ್ಮ ಕೆಳಗೆ ಈರುಳ್ಳಿ ಹುರಿದರೆ ವಾಸನೆಯೆಲ್ಲ ಮೆಟ್ಟಿಲು ಹತ್ತಿ ನಿನ್ನ ಹಾಸಿಗೆಗೆ ಬರುತ್ತಿತ್ತು. ಬಿಟ್ಟುಬಿಡೋಣ ಅನ್ನಿಸಿತು ಅಜ್ಜಾ, ಸುಳ್ಳು ಯಾಕೆ ಹೇಳಲಿ. ಈಗ ನಾನು ಕೆಲಸಕ್ಕೆ ಹೋಗುವ ಫ್ಯಾನ್ ರಿಪೇರಿ ಅಂಗಡಿಯ ಮೀಸೆಮಾಮನಿಗೆ ಹೇಳಿದೆ. “ಉಗುಳೋಕೆ ಮೊದಲು ನುಂಗಬೇಕಲ್ಲೇ, ನಿನ್ನ ಅಟ್ಟಕ್ಕೆ ಬಾಯಿ ಎಲ್ಲಿದೆ?” ಎಂದರು. ಓಡಿಬಂದು ನೋಡಿದರೆ ಸೂರಿನ ಕೆಳಗಿನ ಗಾಳಿಕಿಂಡಿಗಳೆಲ್ಲ ಮುಚ್ಚಿಹೋಗಿದ್ದವು. ಹೊರಗಿನ ಗಾಳಿ ಸಿಗದೆ ಫ್ಯಾನು ಮನೆಯೊಳಗಿನದನ್ನೇ ಎಳೆಯುತ್ತಿತ್ತು. ಕಿಂಡಿ ಹೇಗೆ ಮುಚ್ಚಿದವು ಎಂದು ಬರೆಯಬೇಡ ಅಂದಿದ್ದಾರೆ ಅಪ್ಪ. ಎಲ್ಲ ಬಿಡಿಸಿ, ಪಾರಿವಾಳ ನುಗ್ಗದ ಹಾಗೆ ತಂತಿಬಲೆ ಹೊಡೆದೆ. ಮರುದಿನ ಮಧ್ಯಾಹ್ನ ಅಮ್ಮ ಇಲ್ಲಿಗೆ ಬಂದವಳು ನಿನ್ನ ಹಾಸಿಗೆಯ ಮೇಲೆ ಹಾಗೇ ನಿದ್ದೆಹೋದಳು! ಮೊನ್ನೆಯ ಜೋರು ಮಳೆಗೂ ಒಂದು ತೊಟ್ಟು ಸೋರಲಿಲ್ಲ. ಅಪ್ಪ ತಾವೇ ಟಾರ್ಚು ಹಿಡಿದು ಹುಡುಕಿ, ಸೋತು, ಕೆಳಗಿಳಿದರು. ಮೋಡ ಬಂದರೆ ಫ್ಯಾನು ಮೆಲ್ಲಗಾಗುತ್ತದೆ, ಅಡುಗೆಮನೆಯ ಸೆಕೆ ಹಾಗೇ ಇದೆ. ನಿನ್ನ ಕೋಣೆ ಮಾತ್ರ ಕೋಣೆಯಾಗಿದೆ.

ಅತ್ತೆಗೆ ನಮಸ್ಕಾರ ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ, ಆಶೀರ್ವಾದವನ್ನು ಬಂದೇ ಮಾಡು.

ಕೆಲಸ ಮುಗಿಸಿದ ನಿನ್ನ ಮೊಮ್ಮಗಳು

ತಾ.ಕ.: ತಡೆಯಲಾಗುತ್ತಿಲ್ಲ, ಹೇಳಿಬಿಡುತ್ತೇನೆ. ಕಿಂಡಿಗಳಲ್ಲಿದ್ದದ್ದು ನಿನ್ನ ಪಟ್ಟೆಪಟ್ಟೆ ಪೈಜಾಮ, ಹಳೇ ಸ್ವೆಟರು, ಮತ್ತೆ ನಾನು ಕಳೆದೆನೆಂದು ಎಲ್ಲರ ಹತ್ತಿರ ಬೈಸಿಕೊಂಡ ಅಮ್ಮನ ಕಂಬಳಿ. ಪಾರಿವಾಳದ ಕಾಟಕ್ಕೆ ನೀನೇ ತುರುಕಿದ್ದೆ! ಇನ್ನೊಂದು ವಿಷಯ, ಇದು ಅಪ್ಪನಿಗೂ ಗೊತ್ತಿಲ್ಲ. ಪ್ಯಾನಲಿಗೆ ಗೋಣಿಚೀಲ ಹೊದಿಸಿ ಫ್ಯಾನು ನಿಲ್ಲಿಸಿ ನೋಡಿದೆ. ಕಿಂಡಿ ತೆರೆದಿದ್ದರಿಂದಲೇ ಅರ್ಧ ಸೆಕೆ ಇಳಿದಿದೆ, ಉಳಿದರ್ಧ ಮಾತ್ರ ನನ್ನ ಫ್ಯಾನಿನದು. “ಹಾಗಾದರೆ ನೀನು ಗೆದ್ದದ್ದೂ ಅರ್ಧವೇ” ಎಂದು ನನ್ನ ಜೊತೆ ವಾದಿಸುತ್ತೀಯ, ಗೊತ್ತು. ವಾದಿಸು. ಆದರೆ ಇಲ್ಲಿಗೆ ಬಂದು, ಈ ಕುರ್ಚಿಯಲ್ಲಿ ಕೂತು, ನಡುಮಧ್ಯಾಹ್ನ ವಾದಿಸು.