ಮೊದಲ ಜೋಕು ಯಾರದು

ಫೆಬ್ರವರಿ 4, ಸಂಜೆ

ಬೆಳಗಿನ ಶಿಫ್ಟು. ಎರಡು ಅಪಘಾತ, ಒಂದು ಫಿಟ್ಸ್, ಒಂದು ಹಲ್ಲುನೋವು. ಹೆಚ್ಚು ಕೂಗಿದ್ದು ಹಲ್ಲುನೋವಿನವನೇ. ಅಪಘಾತದವರಲ್ಲಿ ಒಬ್ಬ ಉಳಿಯಲಿಲ್ಲ.

"ನಾಲ್ಕನೇ ಮಹಡಿಗೆ ಶಿಫ್ಟ್" ಎಂದೆ. ಹೊಸ ಸಿಸ್ಟರ್ ಲಿಫ್ಟಿನ ಕಡೆ ನೋಡಿದಳು.

"ನಮ್ದು ಮೂರೇ ಮಹಡಿ ಅಲ್ವಾ ಬ್ರದರ್?"

ಎಲ್ಲರೂ ನಕ್ಕರು. ಅರ್ಧ ನಿಮಿಷದಲ್ಲಿ ಅವಳಿಗೂ ಅರ್ಥವಾಯಿತು. ನಗಲಿಲ್ಲ. "ಮ್" ಎಂದಳು, ಅಷ್ಟೆ. ಆ ಮಾತು ಹುಟ್ಟಿಸಿದವನು ನಾನು. ಈಗ ಕ್ಯಾಶುವಾಲ್ಟಿಯ ಡಾಕ್ಟರುಗಳೂ ಹಾಗೆಯೇ ಅನ್ನುತ್ತಾರೆ. "ಮ್" ಅಂತೆ.

ಚಹಾದ ಪದ್ಧತಿಯನ್ನೂ ಹೇಳಿಕೊಟ್ಟೆ. ಯಾರಾದರೂ ತೀರಿಕೊಂಡ ಮೇಲೆ ಆಯಮ್ಮ ಪಕ್ಕದ ಕೋಣೆಗೆ ಚಹಾ ತರುತ್ತಾಳೆ. ಮೊದಲ ಜೋಕು ಬೀಳುವ ತನಕ ಯಾರೂ ಲೋಟ ಮುಟ್ಟುವಂತಿಲ್ಲ. ಮಕ್ಕಳ ಮೇಲೆ ಜೋಕಿಲ್ಲ. ಬಾಗಿಲು ಹಾಕಿರಬೇಕು.

"ಜೋಕು ಯಾರು ಹೇಳ್ಬೇಕು?"

"ಯಾರು ಬೇಕಾದ್ರೂ."

ಆಯಮ್ಮ ನಡುವೆ ಬಾಯಿ ಹಾಕಿದಳು. "ಹಂಗಂತಾರೆ ಅಷ್ಟೆ. ಯಾವಾಗ್ಲೂ ಹೇಳೋದು ಈ ಅಣ್ಣನೇ."

ಹಿತವಾಯಿತು.

ಫೆಬ್ರವರಿ 11

ಇವತ್ತು ತೊಂಬತ್ತು ದಾಟಿದ ಅಜ್ಜಿ. ನೆಂಟರು ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಹೊಸಬರು ಬಾಗಿಲಲ್ಲಿ ಕಂಡಾಗಲೆಲ್ಲ, ಅತ್ತು ಸುಮ್ಮನಾಗಿದ್ದವರು ಮತ್ತೆ ಮೊದಲಿಂದ ಶುರು.

ಚಹಾ ಬಂತು. ಬಾಗಿಲು ಹಾಕಿತ್ತು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಹೊಸ ಸಿಸ್ಟರ್ ಲೋಟ ನೋಡುತ್ತಾ, ತನಗೇ ಹೇಳಿಕೊಂಡ ಹಾಗೆ —

"ಧಾರಾವಾಹಿ. ಯಾರ್ ಬಂದ್ರೂ ಹಿಂದಿನ ಸಂಚಿಕೆಯಿಂದ್ಲೇ ತೋರಿಸ್ಬೇಕು."

ಡ್ಯೂಟಿ ಡಾಕ್ಟರು ಚಹಾ ಚೆಲ್ಲಿಕೊಂಡರು. ನಗದ ಮನುಷ್ಯ ಅವರು. ನನ್ನ ಜೋಕಿಗೆ ಇಷ್ಟು ವರ್ಷದಲ್ಲಿ ಮೀಸೆ ಮಾತ್ರ ಅಲುಗಿಸಿದ್ದಾರೆ.

ಒಳ್ಳೆಯ ಮಾತು. ಅದೇ ಬೇಜಾರು.

ಫೆಬ್ರವರಿ 13

ಎಲ್ಲರ ಬಾಯಲ್ಲೂ ಧಾರಾವಾಹಿ. "ಬ್ರದರ್, ಮೂರನೇ ಬೆಡ್ ಧಾರಾವಾಹಿ, ಸ್ವಲ್ಪ ಹುಷಾರು." ಎಕ್ಸ್‌-ರೇ ವಿಭಾಗಕ್ಕೂ ಹೋಗಿದೆ. ನನ್ನ ನಾಲ್ಕನೇ ಮಹಡಿ ಅಲ್ಲಿಗೆ ತಲುಪಲು ಎರಡು ವರ್ಷ ಹಿಡಿದಿತ್ತು.

ಅವಳಿಗೆ ಅಡ್ಡಹೆಸರೂ ಬಿತ್ತು — ಸೈರನ್. ಅವಳ ನಗು ಗೇಟಿನ ತನಕ ಕೇಳುತ್ತದೆಯಂತೆ. ಆಂಬುಲೆನ್ಸ್ ಡ್ರೈವರ್ ಇಟ್ಟ ಹೆಸರು. ಅವನ ಹಳಸಲು ಜೋಕಿಗೂ ನಗುತ್ತಾಳೆ. ಆಯಮ್ಮ ಸೀನಿದರೂ ನಗುತ್ತಾಳೆ. ನಾನು ಹೇಳಿದರೆ "ಮ್".

ಅಡ್ಡಹೆಸರು ಇಡುವುದೂ ನನ್ನ ಕೆಲಸವೇ ಆಗಿತ್ತು.

ಫೆಬ್ರವರಿ 16, ಭಾನುವಾರ. ರಜೆ

ಹೆಂಡತಿ ಬಟ್ಟೆ ಮಡಚುತ್ತಾ ಕೇಳಿದಳು. "ಏನ್ರೀ ಅದು, ಮೂರು ದಿನದಿಂದ ಸೈರನ್ ಸೈರನ್ ಅಂತ? ನಿದ್ದೆಯಲ್ಲೂ ಅಂದ್ರಿ."

"ಆಂಬುಲೆನ್ಸಿಂದು."

"ಆಂಬುಲೆನ್ಸ್ 'ಮ್' ಅನ್ನುತ್ತಾ?"

ಅವಳಿಗೆ ಬೇರೆಯೇ ಅನುಮಾನ. ಬಿಡಿಸಿ ಹೇಳಬಹುದಿತ್ತು — ಹಾಗಲ್ಲ ಮಾರಾಯ್ತಿ, ನನ್ನ ವಯಸ್ಸಿನ ಅರ್ಧದವಳೊಬ್ಬಳು ನನಗಿಂತ ಚೆನ್ನಾಗಿ ತಮಾಷೆ ಮಾಡುತ್ತಾಳೆ, ಅದಕ್ಕೆ ನನಗೆ ಹೊಟ್ಟೆಕಿಚ್ಚು ಎಂದು. ಅನುಮಾನವೇ ಇರಲಿ ಅನಿಸಿತು. ಅದರಲ್ಲಾದರೂ ಸ್ವಲ್ಪ ಮರ್ಯಾದೆ ಇದೆ.

ಫೆಬ್ರವರಿ 20

ಅರ್ಜೆಂಟ್ ಯಜಮಾನರು ಮತ್ತೆ ಬಂದಿದ್ದರು. (ಈ ಹೆಸರು ನನ್ನದು. ಹಳೆಯದು, ಗಟ್ಟಿ ಇದೆ.) ಎದೆನೋವು, ಒಬ್ಬರೇ, ಕೈಯಲ್ಲಿ ಚೀಲ. ಇಸಿಜಿ ಚೆನ್ನಾಗಿಲ್ಲ, ಅಡ್ಮಿಟ್ ಆಗಿ ಎಂದರು ಡಾಕ್ಟರು. ಯಜಮಾನರು ಗಡಿಯಾರ ನೋಡಿ ಎದ್ದರು. "ನಿಮ್ಮಲ್ಲಿ ಕಾಯೋದಕ್ಕಿಂತ ಸಾಯೋದೇ ಬೇಗ ಆಗುತ್ತೆ ಕಣ್ರೀ."

ಸಲಹೆ ಮೀರಿ ಹೋಗುವವರು ಸಹಿ ಮಾಡಿ ಹೋಗಬೇಕು. ಕಾಗದ ಹಿಡಿದು ಗೇಟಿನ ತನಕ ಓಡಿದೆ. ಸಹಿ ಇಲ್ಲ. ಪ್ರತಿ ಸಲವೂ ಇದೇ ಕಥೆ.

ಹೋಗುವ ಮೊದಲು ಸೈರನ್ ಅವರ ಪಕ್ಕ ಕೂತು ಏನೋ ಮಾತಾಡಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

"ಏನಂತೆ?"

"ಏನಿಲ್ಲ ಬ್ರದರ್. ಮನೆ ವಿಷಯ."

ನನ್ನನ್ನು ಕಂಡರೆ ಬೈಯುವ ಮನುಷ್ಯ.

ಫೆಬ್ರವರಿ 27, ರಾತ್ರಿ ಊಟವಾದ ಮೇಲೆ

ಬರೆದುಬಿಡಬೇಕು.

ಅರ್ಜೆಂಟ್ ಯಜಮಾನರು ಹನ್ನೊಂದರ ಹೊತ್ತಿಗೆ ಬಂದರು. ಈ ಸಲ ಆಂಬುಲೆನ್ಸಿನಲ್ಲಿ. ನಾಡಿ ಇರಲಿಲ್ಲ. ನಾನು, ಸೈರನ್, ಮತ್ತೆ ನಾನು, ಮತ್ತೆ ಸೈರನ್ — ಸರದಿಯ ಮೇಲೆ ಎದೆ ಒತ್ತಿದೆವು. ಕೊನೆಯ ಸರದಿ ಅವಳದು. ಡಾಕ್ಟರು ಸಾಕು ಎಂದ ಮೇಲೂ ಒತ್ತುತ್ತಿದ್ದಳು. ಕೈ ಹಿಡಿದು ನಿಲ್ಲಿಸಬೇಕಾಯಿತು.

ಚಹಾ ಬಂತು. ಅವಳು ಬೆವರು ಒರೆಸಿಕೊಂಡು ತಲೆ ಎತ್ತಿದಳು. ತುಟಿ ಬಿಚ್ಚುವುದು ಕಂಡಿತು. ಇದನ್ನೂ ಇವಳೇ ಹೇಳಿಬಿಡುತ್ತಾಳೆ, ನನ್ನ ಯಜಮಾನರ ಮೇಲೆ — ಅಷ್ಟೇ ತಲೆಯಲ್ಲಿದ್ದದ್ದು. ಬಾಗಿಲು ನೋಡಲಿಲ್ಲ.

"ಈ ಸಲಾನೂ ಸಹಿ ಮಾಡದೆ ಹೋಗ್ಬಿಟ್ರು" ಎಂದೆ.

ಸೈರನ್ ನಕ್ಕಳು. ನನ್ನ ಜೋಕಿಗೆ ಮೊದಲ ಸಲ. ಬಗ್ಗಿ, ಹೊಟ್ಟೆ ಹಿಡಿದುಕೊಂಡು, ಗೇಟಿನ ತನಕ ಕೇಳುವ ಹಾಗೆ. ಒಂದು ಕ್ಷಣ ನನಗಾದ ಖುಷಿ... ಮಗ ಹುಟ್ಟಿದಾಗ ಹಾಗಾಗಿತ್ತು.

ಆಯಮ್ಮ ಬಾಗಿಲ ಕಡೆ ಕೈ ಮಾಡಿದಳು. ಅರ್ಧ ತೆರೆದಿತ್ತು. ಹೊರಗೆ ಒಬ್ಬ ಹೆಂಗಸು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ಯಜಮಾನರ ಮಗಳು.

ಫೆಬ್ರವರಿ 28

ದೂರು ಬಂದಿದೆ. "ನನ್ನ ತಂದೆಯ ಶವ ಅಲ್ಲಿರುವಾಗಲೇ ನರ್ಸ್ ಒಬ್ಬಳು ಬಿದ್ದು ಬಿದ್ದು ನಗುತ್ತಿದ್ದಳು." ಜೋಕು ಆಕೆಗೆ ಕೇಳಿಸಿಲ್ಲ, ನಗು ಮಾತ್ರ. ಸೈರನ್ ಇನ್ನೂ ಪ್ರೊಬೇಷನ್ನಿನವಳು. ವಿಚಾರಣೆ ಮುಗಿಯುವ ತನಕ ಬರುವುದು ಬೇಡ ಎಂದಿದ್ದಾರೆ. ಕೆಲಸ ಹೋಗುತ್ತದೆ ಎನ್ನುತ್ತಿದ್ದಾರೆ ಎಲ್ಲರೂ.

ನನ್ನ ಹೆಸರು ಎಲ್ಲೂ ಇಲ್ಲ.

ಮಾರ್ಚ್ 3

ಇವತ್ತು ಒಬ್ಬರು ಹೋದರು. ಬಾಗಿಲು ಹಾಕಿ, ಚಹಾ ಇಟ್ಟುಕೊಂಡು, ಎಲ್ಲರೂ ನನ್ನ ಕಡೆ ನೋಡಿದರು. ಹಳೆಯ ಕಾಲ ಮರಳಿ ಬಂದ ಹಾಗೆ. ಒಂದು ಹೇಳಿದೆ. ನಕ್ಕರು. ಸಾಲ ಕೊಟ್ಟವರ ಮನೆಯಲ್ಲಿ ನಕ್ಕ ಹಾಗೆ ನಕ್ಕರು.

ಯಾರೂ ಏನೂ ಅನ್ನುವುದಿಲ್ಲ. ಆಯಮ್ಮ ಮಾತ್ರ ನನ್ನ ಲೋಟಕ್ಕೆ ಸಕ್ಕರೆ ಮರೆಯುತ್ತಾಳೆ. ಎರಡು ದಿನದಿಂದ.

ಮಾರ್ಚ್ 5

ಆಫೀಸಿನ ಗುಮಾಸ್ತ ಹೇಳಿದ: ನಕ್ಕಿದ್ದು ಯಾಕೆ ಎಂದು ಕೇಳಿದ್ದಕ್ಕೆ ಸೈರನ್ "ಏನೋ ನೆನಪಾಗಿ ನಕ್ಕೆ, ತಪ್ಪಾಯಿತು" ಎಂದು ಬರೆದುಕೊಟ್ಟಿದ್ದಾಳೆ. "ಎಂಥಾ ಹುಡುಗಿ ಸರ್! ಯಾರ ಹೆಸರೂ ಹೇಳಿಲ್ಲ." ಡಾಕ್ಟರೂ ಅದನ್ನೇ ಅಂದರು. ಡ್ರೈವರಂತೂ ಕಣ್ಣು ಒರೆಸಿಕೊಂಡ.

ಮೊದಲ ಜೋಕು ಅವಳದು. ಎಲ್ಲರ ಬಾಯಲ್ಲಿರುವ ಮಾತು ಅವಳದು. ಈಗ ದೊಡ್ಡತನವೂ ಅವಳದೇ. ನಾನು ಸುಮ್ಮನಿದ್ದರೆ ಅವಳು ಕೆಲಸ ಕಳೆದುಕೊಂಡು ಹೋಗುತ್ತಾಳೆ, ಮತ್ತೆ ಇಲ್ಲಿ ಇಪ್ಪತ್ತು ವರ್ಷ ಅವಳ ಮಾತೇ ಆಡುತ್ತಿರುತ್ತಾರೆ. ನನ್ನೆದುರೇ.

ಅಷ್ಟನ್ನೂ ಅವಳಿಗೆ ಬಿಟ್ಟುಕೊಡಲಾರೆ. ನಾಳೆ ವಿಚಾರಣೆಗೆ ನಾನೂ ಹೋಗುತ್ತೇನೆ.

ಮಾರ್ಚ್ 6

ಸೂಪರಿಂಟೆಂಡೆಂಟರ ಕೋಣೆ. ಮೇಜಿನ ಈಚೆ ಸೈರನ್, ಆಚೆ ಆ ಮಗಳು. ನಾನು ಕರೆಯದೆ ಒಳಹೋದೆ.

"ಸರ್, ಜೋಕು ಹೇಳಿದ್ದು ನಾನು. ಇವಳದೇನೂ ತಪ್ಪಿಲ್ಲ."

ಸೈರನ್ ನೆಲ ನೋಡುತ್ತಿದ್ದಳು. ಮಗಳು ನನ್ನ ಕಡೆ ತಿರುಗಿದರು. "ಏನಂದ್ರಿ ನಮ್ಮಪ್ಪನ ಬಗ್ಗೆ? ಹೇಳಿ. ನಾನೂ ಕೇಳ್ತೀನಿ."

ಸಾಹೇಬರು ಬೇಡ ಬಿಡಿ ಎಂದರು. ಆಕೆ ಬಿಡಲಿಲ್ಲ. ಹೇಳಿದೆ. ಹಗಲು ಬೆಳಕಿನಲ್ಲಿ, ಫ್ಯಾನಿನ ಕೆಳಗೆ, ಆ ಮಾತು ಎಷ್ಟು ಬಡವಾಗಿ ಕೇಳಿಸಿತೆಂದರೆ...

ಆಕೆ ಸಿಟ್ಟಾಗಲಿಲ್ಲ. "ಈ ಸಲಾನೂ ಅಂದ್ರೆ?" ಎಂದರು. "ಅಪ್ಪ ಮೊದ್ಲೂ ಬಂದಿದ್ರಾ ಇಲ್ಲಿಗೆ?"

ಆಕೆಗೆ ಗೊತ್ತೇ ಇರಲಿಲ್ಲ. ನಾನು ಆಕೆಯ ಕೈಗೆ ಕೊಟ್ಟದ್ದು ಜೋಕಲ್ಲ.

ಸೈರನ್ ಹೇಳಿದಳು, ಮೆಲ್ಲಗೆ. "ಬರ್ತಿದ್ರು ಮೇಡಂ. ನೀವು ಆಫೀಸಿಗೆ ಹೋದ್ಮೇಲೆ. ನೀವು ಬರೋ ಹೊತ್ತಿಗೆ ಮನೇಲಿ ಇರ್ಬೇಕು ಅಂತಿದ್ರು. ಇಲ್ದಿದ್ರೆ ಮಗಳು ಕೆಲಸ ಬಿಟ್ಟು ನನ್ನ ಕಾಯ್ತಾ ಕೂರ್ತಾಳೆ ಅಂತ. ನಿಮಗೆ ಪ್ರಮೋಷನ್ ಆಗೋದಿದೆಯಂತೆ? ಅದನ್ನ ಹೇಳಿ ನಗ್ತಿದ್ರು. ಮನೇಲಿ ಹೇಳ್ಬೇಡಿ ಅಂದಿದ್ರು. ತಡೆಯೋಕಾಗ್ಲಿಲ್ಲ ನಮಗೆ."

ನಾನು ಅವರಿಗೆ ಅರ್ಜೆಂಟ್ ಎಂದು ಹೆಸರಿಟ್ಟೆ. ಅವಸರ ಯಾಕೆ ಎಂದು ಕೇಳಿದವಳು ಅವಳು.

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಸೈರನ್ ಕಡೆ ನೋಡಿ, "ಮತ್ತೆ ನಕ್ಕಿದ್ಯಾಕಮ್ಮ?"

"ಗೊತ್ತಿಲ್ಲ ಮೇಡಂ. ಅಷ್ಟೊತ್ತು ಎದೆ ಒತ್ತಿದ್ದೆ. ಅಳು ಬರುತ್ತೆ ಅನ್ಕೊಂಡೆ, ಬಾಯಿ ತೆರೆದ್ರೆ ನಗು ಬಂತು. ಬ್ರದರ್ ಏನಂದ್ರು ಅಂತಾನೂ ಸರಿಯಾಗಿ ಕೇಳಿಸ್ಲಿಲ್ಲ."

ಕೇಳಿಸಲಿಲ್ಲ.

ಆಕೆ ಅಲ್ಲಿ ಅಳುತ್ತಾ ಕೂತಿದ್ದಾರೆ, ನನ್ನ ಕೆಲಸ ಹೋಗಬಹುದು — ನನಗೆ ಆ ಕ್ಷಣ ಚುಚ್ಚಿದ್ದು ಅದೊಂದೇ. ಅವಳು ನನ್ನ ಜೋಕಿಗೆ ನಕ್ಕಿದ್ದಲ್ಲ.

ಮಾರ್ಚ್ 14

ದೂರು ವಾಪಸಾಯಿತು. ನನಗೆ ಮೆಮೊ, ಒಂದು ವಾರ ಸಂಬಳವಿಲ್ಲದ ರಜೆ; ಅದೂ ಇವತ್ತಿಗೆ ಮುಗಿಯಿತು. ಹೆಂಡತಿಗೆ ಎಲ್ಲ ಹೇಳಿದೆ. ಕೇಳಿ ಸುಸ್ತಾಗಿ ಕೂತಳು. "ಇಷ್ಟೇನಾ? ನಾನು ಅಣ್ಣನಿಗೆ ಫೋನ್ ಮಾಡಿಬಿಟ್ಟಿದ್ದೆ ಕಣ್ರೀ."

ಮಾರ್ಚ್ 15, ಮಧ್ಯಾಹ್ನ ಮೂರು

ಮತ್ತೆ ಡ್ಯೂಟಿ. ಸೈರನ್ ಮೊದಲೇ ಬಂದಿದ್ದಳು. "ಬನ್ನಿ ಬ್ರದರ್" ಎಂದಳು, ಅಷ್ಟೆ. ಗ್ಲೌಸಿನ ಡಬ್ಬ ನನ್ನ ಕಡೆ ತಳ್ಳಿದಳು.

ಹನ್ನೆರಡಕ್ಕೆ ಒಬ್ಬರು ಹೋದರು. ಏಣಿಯಿಂದ ಬಿದ್ದ ಪೇಂಟರ್. ಮನೆಯವರು ಹೊರಟರು. ಆಯಮ್ಮ ಚಹಾ ತಂದಳು. ನನ್ನದಕ್ಕೂ ಸಕ್ಕರೆ ಇತ್ತು.

ಯಾರೂ ಲೋಟ ಮುಟ್ಟಲಿಲ್ಲ. ನನ್ನ ಹತ್ತಿರ ಒಂದು ಸಿದ್ಧವಿತ್ತು. ರಜೆಯ ವಾರವೆಲ್ಲ ಇಂಥದಕ್ಕೇ ಕಾದಿದ್ದ ಹಾಗೆ ತಾನಾಗಿ ಬಂದಿತ್ತು, ಒಳ್ಳೆಯದು. ಸೈರನ್ನಿನ ತುಟಿಯ ಅಂಚೂ ಅಲುಗುತ್ತಿತ್ತು. ಅವಳ ಹತ್ತಿರವೂ ಇದೆ ಎಂದು ಗೊತ್ತಾಯಿತು.

ಬಾಗಿಲು ಒಂದು ಗೇಣು ತೆರೆದಿತ್ತು. ಎದ್ದು ಹೋದೆ. ಹೊರಗೆ ಇಣುಕಿ ನೋಡಿದೆ, ಯಾರೂ ಇಲ್ಲ. ಬಾಗಿಲು ಹಾಕಿದೆ, ಚಿಲಕವನ್ನೂ ಹಾಕಿದೆ. ಆ ಸದ್ದಿಗೇ ಕಾಯುತ್ತಿದ್ದಳೇನೋ — ನಾನು ತಿರುಗುವಷ್ಟರಲ್ಲಿ ಹೇಳಿಬಿಟ್ಟಳು.

ಡಾಕ್ಟರು ಮತ್ತೆ ಚಹಾ ಚೆಲ್ಲಿಕೊಂಡರು. ನಾನೂ ನಕ್ಕೆ, ಬಾಗಿಲಿಗೆ ಒರಗಿ, ಬೇಡ ಬೇಡವೆಂದರೂ ಬಂತು. ಚೆನ್ನಾಗಿಯೇ ಇತ್ತು. ಆದರೆ ನನ್ನ ಹತ್ತಿರ ಇದ್ದದ್ದು ಅದಕ್ಕಿಂತ ಚೆನ್ನಾಗಿತ್ತು.